ಮಾವ ಗೆಲ್ಲಿಸಿದ ಒಸಾಕಾ

ಅಂಬತ್ತೂರಿನ ನನ್ನ ಮಾವನಿಗೆ, ನಿಮ್ಮ ‘ಅರ್ಧ ಇಂಗ್ಲಿಷ್’ ಸೋದರಸೊಸೆ ವತ್ಸು ಬರೆಯುತ್ತಿರುವುದು.

ಮೊನ್ನೆಯಿಂದ ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಕಳೆದ ವರ್ಷ ನೀವು ಮಾಡಿದ್ದೆಲ್ಲ ನನಗೆ ಗೊತ್ತಾಗಿದೆ ಮಾವ. ಅದರಲ್ಲಿ ಯಾರ್ಯಾರು ಸೇರಿದ್ದರು ಎನ್ನುವುದೂ ಗೊತ್ತಾಗಿದೆ. ಅತ್ತೆ, ಸಪ್ಲೈಯರ್ ಸೀನಣ್ಣ, ಆ ಇಬ್ಬರು ಜಪಾನಿನವರು, ಅಷ್ಟೇ ಯಾಕೆ, ನಿಮ್ಮ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಪಂಪಿನ ಕಾರ್ಖಾನೆಯ ಅರ್ಧ ಜನ. ಇಷ್ಟು ಜನ ಒಟ್ಟಿಗೆ ನಿಂತು ಒಬ್ಬ ಹುಡುಗಿಗೆ ಸುಳ್ಳು ಹೇಳಿದರೆ ಅವಳು ನಂಬದೆ ಏನು ಮಾಡಿಯಾಳು?

ಆಗಸ್ಟಿನ ಒಂದು ಬೆಳಿಗ್ಗೆಯನ್ನು ನೀವು ನೋಡಲಿಲ್ಲ, ಒಳ್ಳೆಯದೇ ಆಯಿತು. ಕಾಲೇಜಿಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ, ಮೊದಲ ಟೆಸ್ಟ್. ಹೆಸರು ಬರೆದೆ, ನಂಬರು ಬರೆದೆ, ತಾರೀಕು ಬರೆದೆ. ಆಮೇಲೆ ಕೈ ಮುಂದಕ್ಕೆ ಹೋಗಲೇ ಇಲ್ಲ. ಅರ್ಧ ಗಂಟೆಗೆ ಎದ್ದು ಖಾಲಿ ಪೇಪರು ಕೊಟ್ಟು ಬಂದೆ. ಉಳಿದ ಪೇಪರುಗಳಿಗೂ ಅದೇ ಕಥೆ. ಪ್ರಿನ್ಸಿಪಾಲರು ಕರೆದು ಮೆತ್ತಗೆ ಹೇಳಿದರು, ಅಕ್ಟೋಬರಿನ ಪರೀಕ್ಷೆಯಲ್ಲೂ ಹೀಗೆ ಎದ್ದು ಹೋದರೆ ನಿನ್ನ ಸೀಟನ್ನು ಕಾದು ಕೂತಿರುವ ಇನ್ನೊಬ್ಬಳಿಗೆ ಕೊಡಬೇಕಾಗುತ್ತದೆ, ನೀನು ನಾಗಪುರಕ್ಕೆ ತಂದೆಯ ಹತ್ತಿರ ಹೋಗಬಹುದು, ಎಂದು. ಬೈದಿದ್ದರೇ ವಾಸಿ ಇತ್ತು. ಆ ಅಕ್ಟೋಬರಿನ ಪರೀಕ್ಷೆ ಇವತ್ತು ಬೆಳಿಗ್ಗೆ ಶುರುವಾಯಿತು. ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ನೇರವಾಗಿ ಅಲ್ಲಿಗೆ ಹೋದರೆ ನಿಮಗೆ ರುಚಿಸುವುದಿಲ್ಲ, ಗೊತ್ತು. ಯಾವ ಸುದ್ದಿಯಾದರೂ ನಿಮಗೆ ಬುಡದಿಂದ ಬೇಕು.

ಏಳು ವರ್ಷದ ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದ ದಿನ ಅಪ್ಪನ ಪಕ್ಕ ನೀವೂ ಬಂದಿದ್ದಿರಿ. ರೈಲ್ವೆಯ ಅಪ್ಪನಿಗೆ ವರ್ಷಕ್ಕೊಂದು ಊರು, ಹಾಗಾಗಿ ಮದರಾಸಿನಲ್ಲಿ ನನ್ನ ಲೋಕಲ್ ಗಾರ್ಡಿಯನ್ ಎಂದು ನೀವು ರುಜು ಹಾಕಿದಿರಿ. ಅಂದಿನಿಂದ ಎರಡು ವಾರಕ್ಕೊಂದು ಶನಿವಾರ ನನ್ನ ಮನೆ ಎಂದರೆ ನಿಮ್ಮ ಹೋಟೆಲು. ಕಾರ್ಖಾನೆಗಳು ಬರುತ್ತವೆ ಎಂದು ನಂಬಿ ನೀವು ಅದನ್ನು ಅಂಬತ್ತೂರಿಗೆ ಎತ್ತಿಕೊಂಡು ಹೋದಾಗ ಅತ್ತೆ ಹೇಳಿದ್ದು ನೆನಪಿದೆಯಾ? “ಇಲ್ಲಿ ಎಂತ ಉಂಟು ಅಂತ ಬಂದದ್ದು? ಹಾವುಗಳಿಗೆ ಇಡ್ಲಿ ಕೊಡೂದಾ?” ನೀವು ಹೇಳಿದಿರಿ, “ಹಾವಿಗೂ ಹಸಿವಾಗ್ತದೆ ಮಾರಾಯ್ತಿ.” ಪರೀಕ್ಷೆಯ ಭಯ ಆಗಲೇ ನನ್ನ ಜೊತೆಗೆ ಇತ್ತು. ಭಯಕ್ಕೆ ನಾನು ಕಂಡುಕೊಂಡ ಮದ್ದು ಬಾಜಿ ಕಟ್ಟುವುದು. ಹತ್ತು ಎಣಿಸುವುದರೊಳಗೆ ಕಾಗೆ ಕೂಗಿದರೆ ಲೆಕ್ಕದಲ್ಲಿ ಪಾಸು. ಮುಂದಿನ ಬಸ್ಸು ಕೆಂಪಾಗಿದ್ದರೆ ಹಿಸ್ಟರಿಯಲ್ಲಿ ಪಾಸು. ಮದರಾಸಿನಲ್ಲಿ ಕೆಂಪು ಬಸ್ಸಿಗೆ ಏನು ಬರ? ಹೀಗೆ ಹತ್ತು ವರ್ಷ ದಾಟಿದೆ.

ಆ ಇಬ್ಬರು ಮೊದಲ ಸಲ ಒಳಗೆ ಬಂದಾಗ ಇಡೀ ಹೋಟೆಲು ತುತ್ತು ನಿಲ್ಲಿಸಿ ನೋಡಿತ್ತು. ಪಂಪಿನ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದ ಜಪಾನಿನ ಎಂಜಿನಿಯರುಗಳು. ದಪ್ಪಗೆ, ಜೋರು ದನಿಯವರು ತನಾಬೆ, ಟೋಕಿಯೋದವರು. ತೆಳ್ಳಗೆ, ಬಗ್ಗಿ ಬಗ್ಗಿ ನಮಸ್ಕರಿಸುವವರು ಹಯಾಶಿ, ಒಸಾಕಾದವರು. ಹೆಸರಿನ ಹಿಂದೆ ‘ಸಾನ್’ ಹಚ್ಚುವುದು ಅವರ ಮರ್ಯಾದೆ ಎಂದು ನಾನು ಹೇಳಿದ್ದೇ ತಡ, “ಅದಕ್ಕೆಂತ, ನಮ್ಮಲ್ಲಿಯೂ ಉಂಟು” ಎಂದು ನೀವು ಅವರನ್ನು ತನಾಬೆರಾಯರು, ಹಯಾಶಿರಾಯರು ಮಾಡಿಬಿಟ್ಟಿರಿ. ಅವರೂ ನಿಮ್ಮನ್ನು ‘ಮಾವಸಾನ್’ ಎಂದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಸ್ವಲ್ಪ, ನಿಮಗೆ ಬರುತ್ತಿದ್ದದ್ದು ಇನ್ನೂ ಸ್ವಲ್ಪ. ನಡುವೆ ನಾನು.

ಹಯಾಶಿರಾಯರು ಮೊದಲ ಗೋಳಿಬಜೆ ತಿಂದು ಕಣ್ಣು ಅಗಲಿಸಿದ ಆ ಶನಿವಾರದ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆ ಇದೆ. ಒಸಾಕಾದ ಬೀದಿಯಲ್ಲಿ ಹೀಗೇ ದುಂಡಗಿನದು ಬಿಸಿಬಿಸಿ ಮಾರುತ್ತಾರೆ ಎಂದರಲ್ಲ, ನೀವು ಖುಷಿಯಿಂದ “ಒಳಗೆ ಎಂತ ಹಾಕ್ತಾರೆ ಕೇಳು” ಎಂದಿರಲ್ಲ? ನಾನು ಕೇಳಿದೆ, ಅವರು ಹೇಳಿದರು. ನಾನು ನಿಮಗೆ “ತರಕಾರಿಯಂತೆ” ಎಂದೆ. ಅದು ತರಕಾರಿ ಅಲ್ಲ ಮಾವ. ಸಮುದ್ರದಲ್ಲಿರುವುದು. ಅದಕ್ಕೆ ಎಂಟು ಕಾಲಿರುತ್ತವೆ. ನೀವು ತಿಂಗಳುಗಟ್ಟಲೆ ಬಂದವರಿಗೆಲ್ಲ “ಜಪಾನಿನಲ್ಲಿಯೂ ನಮ್ಮ ಗೋಳಿಬಜೆ ಉಂಟು, ತರಕಾರಿ ಹಾಕಿ ಮಾಡ್ತಾರೆ” ಎಂದು ಹೇಳುತ್ತಿದ್ದಾಗ ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ನಗುತ್ತಿದ್ದೆ. ಆದ್ದರಿಂದ ಸುಳ್ಳಿನ ವಿಷಯದಲ್ಲಿ ನಾನು ತೀರ ನಿರಪರಾಧಿ ಏನಲ್ಲ.

ಕಳೆದ ವರ್ಷ ಮಳೆ ಹಿಡಿದ ಆ ವಾರ, ಯಂತ್ರದ ಬಿಡಿಭಾಗಗಳು ಹಾರ್ಬರಿನಲ್ಲಿ ಸಿಕ್ಕಿಕೊಂಡು ಇಬ್ಬರು ರಾಯರಿಗೂ ಕೆಲಸವಿರಲಿಲ್ಲ. ಅದೇ ವಾರ ಜಪಾನಿನಲ್ಲಿ ಬೇಸ್‌ಬಾಲಿನ ಚಾಂಪಿಯನ್‌ಶಿಪ್. ಒಂದು ಕಡೆ ಟೋಕಿಯೋ, ಇನ್ನೊಂದು ಕಡೆ ಒಸಾಕಾ, ಯಾರು ಮೊದಲು ನಾಲ್ಕು ಆಟ ಗೆಲ್ಲುತ್ತಾರೋ ಅವರು ದೇಶಕ್ಕೇ ದೊಡ್ಡವರು. ಅಲ್ಲಿ ಮಧ್ಯಾಹ್ನ ಆಟ ಶುರುವಾದರೆ ಇಲ್ಲಿ ಇಡ್ಲಿ ಮುಗಿದು ಊಟದ ಎಲೆ ಹಾಕುವ ಮೊದಲಿನ ಬಿಡುವು. ಸಿಹಿತಿಂಡಿಯ ಗಾಜಿನ ಬೀರುವಿನ ಮೇಲಿದ್ದ ನಿಮ್ಮ ರೇಡಿಯೋದಲ್ಲಿ ಶಾರ್ಟ್‌ವೇವ್ ತಿರುಗಿಸಿ ತಿರುಗಿಸಿ ಹಯಾಶಿರಾಯರು ಆ ದನಿಯನ್ನು ಹಿಡಿದೇಬಿಟ್ಟರು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸದ್ದು, ಅದರ ನಡುವೆ ಯಾರೋ ಜಪಾನಿಯಲ್ಲಿ ಕಿರುಚುತ್ತಿದ್ದರು. ತನಾಬೆರಾಯರು ಮೇಜು ಗುದ್ದಿದರು. ಹಯಾಶಿರಾಯರು ತಲೆ ಹಿಡಿದುಕೊಂಡರು.

“ಎಂತ ಆಯ್ತು? ಯಾರು ಹೊಡೆದದ್ದು? ಹೇಳು ಹೆಣ್ಣೇ, ನೀನು ಇಂಗ್ಲಿಷ್ ಸ್ಕೂಲಿನವಳಲ್ವಾ!” ಎಂದು ನೀವು ನನ್ನನ್ನು ಅಲುಗಾಡಿಸಿದಿರಿ. ನನಗೆಲ್ಲಿ ಬೇಸ್‌ಬಾಲ್ ಗೊತ್ತು? ಆದರೆ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಕೈಯಲ್ಲಿ ರೌಂಡರ್ಸ್ ಆಡಿಸುತ್ತಿದ್ದರು. ಚೆಂಡು ಹೊಡೆದು ನಾಲ್ಕು ಕಂಬ ಸುತ್ತಿ ಬರುವ ಆಟ. ಅದನ್ನೇ ಹೇಳಿದೆ. ನೀವು ತಟ್ಟನೆ ನಾಲ್ಕು ಲೋಟ ತಂದು ಮೇಜಿನ ನಾಲ್ಕು ಮೂಲೆಗೆ ಬೋರಲು ಹಾಕಿ, ಒಂದು ಹಿಡಿ ಹುಣಿಸೆ ಬೀಜ ಸುರಿದಿರಿ. “ರಾಯರೇ, ಯಾರು ಎಲ್ಲಿಗೆ ಓಡಿದ ಅಂತ ಇದರಲ್ಲಿ ತೋರಿಸಿ.” ಅಂದಿನಿಂದ ರೇಡಿಯೋ ಕೂಗಿದಂತೆ ಹಯಾಶಿರಾಯರ ಬೆರಳು ಹುಣಿಸೆ ಬೀಜವನ್ನು ಲೋಟದಿಂದ ಲೋಟಕ್ಕೆ ಓಡಿಸುತ್ತಿತ್ತು, ಇಡೀ ಹೋಟೆಲು ಆ ಮೇಜಿನ ಮೇಲೆ ಬಗ್ಗಿ ನಿಲ್ಲುತ್ತಿತ್ತು. ನೀವು ಒಸಾಕಾದ ಕಡೆ. ಯಾಕೆ ಎಂದು ಕೇಳಿದ್ದಕ್ಕೆ, “ಗೋಳಿಬಜೆಯ ಊರಿನವರಲ್ವಾ” ಎಂದಿರಿ.

ಎರಡನೇ ದಿನ ಸೀನಣ್ಣ ಸ್ಕೋರನ್ನು ‘ಇವತ್ತಿನ ಸ್ಪೆಷಲ್’ ಎಂಬ ತಮಿಳು ಬೋರ್ಡಿನ ಕೆಳಗೇ ಸೀಮೆಸುಣ್ಣದಲ್ಲಿ ಬರೆದಿಟ್ಟದ್ದು ಯಾರ ತಪ್ಪು? ಬೇರೆ ಜಾಗ ಇರಲಿಲ್ಲ ಎಂದು ಅವನು ಈಗಲೂ ವಾದಿಸುತ್ತಾನೆ. ಕಾರ್ಖಾನೆಯಿಂದ ಬಂದ ಒಬ್ಬರು ಬೋರ್ಡು ಓದಿ, ಕೂತು, “ಅಣ್ಣೇ, ಒರು ಟೋಕಿಯೋ, ಒರು ಒಸಾಕಾ. ಸೂಡಾ ಕುಡುಂಗೋ” ಎಂದು ಬಿಸಿಬಿಸಿಯಾಗಿ ಎರಡನ್ನೂ ಕೇಳಿಬಿಟ್ಟರು. ಸೀನಣ್ಣ ತಿರುಗಿ ನಿಮ್ಮನ್ನು ನೋಡಿದ. ನೀವು ಗಲ್ಲಾದ ಮೇಜಿನಿಂದ ಕಣ್ಣು ಮಿಟುಕಿಸದೆ ಅಡುಗೆಮನೆಗೆ ಕೂಗಿದಿರಿ, “ಟೋಕಿಯೋ ಒಂದು, ಒಸಾಕಾ ಒಂದು, ಬಿಸಿ!” ಒಳಗಿಂದ ಅತ್ತೆಯ ದನಿ, “ಎಂತದು ಅದು?” ನೀವು, “ವಡೆಯನ್ನು ಮೊಸರಿಗೆ ಹಾಕಿದರೆ ಟೋಕಿಯೋ, ಗೋಳಿಬಜೆಯನ್ನು ಸಾರಿಗೆ ಹಾಕಿದರೆ ಒಸಾಕಾ, ಬೇಗ!” ಮೊಸರಿನ ವಡೆ ಬಿಸಿ ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಶಿಫ್ಟಿಗೆ ಶಿಫ್ಟೇ ಪಕ್ಷ ಕಟ್ಟಿಕೊಂಡಿತು. ಟೋಕಿಯೋ ಜಾಸ್ತಿ ಹೋಗುತ್ತಿದೆ ಎಂದು ಗೊತ್ತಾದಾಗ ನೀವು ಒಸಾಕಾಕ್ಕೆ ಒಂದು ಗೋಳಿಬಜೆ ಹೆಚ್ಚು ಹಾಕಿಸಿದ್ದನ್ನು ತನಾಬೆರಾಯರು ಕಂಡುಹಿಡಿದು ಎಷ್ಟು ಗಲಾಟೆ ಮಾಡಿದ್ದರು!

ಆ ಭಾನುವಾರ ಸಂಜೆ ನನ್ನನ್ನು ರೈಲು ಹತ್ತಿಸಲು ಬಂದಾಗ ನೀವು ನನ್ನ ಮುಖ ನೋಡಿದಿರಿ. ಒಸಾಕಾ ಮೊದಲ ಎರಡು ಆಟವನ್ನೂ ಸೋತಿತ್ತು. ಮಂಗಳವಾರದಿಂದ ನನ್ನ ಶಾಲೆಯ ಕೊನೆಯ ಪರೀಕ್ಷೆ, ಕಾನ್ವೆಂಟಿನವರಿಗೆ ಅದು ಮಳೆಗಾಲದಲ್ಲೇ.

“ಎಂತಕ್ಕೆ ಮುಖ ಬಾಡಿಸಿದ್ದು?”

“ಒಸಾಕಾ ಗೆದ್ದರೆ ನಾನು ಪಾಸು ಅಂತ ಇಟ್ಕೊಂಡಿದ್ದೆ ಮಾವ. ಸೋತರೆ ಫೇಲು.”

“ಅಲ್ಲ ಮಾರಾಯ್ತಿ, ಆ ಪುಣ್ಯಾತ್ಮರು ಅಲ್ಲಿ ದೊಣ್ಣೆ ಬೀಸೂದಕ್ಕೂ ನಿನ್ನ ಆಲ್ಜೀಬ್ರಾಕ್ಕೂ ಎಂತ ಸಂಬಂಧ?”

ನೀವು ನಕ್ಕಿರಿ. ನಾನು ಅತ್ತುಬಿಟ್ಟೆ. ಪ್ಲ್ಯಾಟ್‌ಫಾರಮ್ಮಿನಲ್ಲಿ ಎಲ್ಲರೆದುರು. ನಿಮ್ಮ ನಗು ಅಲ್ಲೇ ನಿಂತಿತು. “ಸೆರಿ ಸೆರಿ. ಇನ್ನೂ ಐದು ಆಟ ಉಂಟಲ್ಲ. ಸೀನ ದಿನಾ ಮಾರ್ಕೆಟ್ಟಿಗೆ ಬರ್ತಾನೆ, ಅವನ ಕೈಯಲ್ಲಿ ಸುದ್ದಿ ಕಳಿಸ್ತೇನೆ” ಎಂದಿರಿ. ಆ ರೈಲು ಹೊರಟಾಗ ನಿಮ್ಮ ತಲೆಯಲ್ಲಿ ಏನಿತ್ತು? ಆಗಲೇ ನಿರ್ಧರಿಸಿದ್ದಿರಾ, ಅಥವಾ...

ಬಾಳೆಎಲೆಯ ಪೊಟ್ಟಣದೊಳಗೆ ನೀವು ಕಳಿಸಿದ ಚೀಟಿಗಳು ನನ್ನ ಡಿಕ್ಷನರಿಯಲ್ಲಿ ಇನ್ನೂ ಇವೆ. ನಿನ್ನೆ ಮತ್ತೆ ಓದಿದೆ. ‘ಮೂರನೇ ಆಟ ಒಸಾಕಾ ಗೆದ್ದಿತು. ಹಯಾಶಿರಾಯರು ಎರಡು ಸಲ ಪಾಯಸ ಹಾಕಿಸಿಕೊಂಡರು.’ ಸರಿ, ಇಷ್ಟರವರೆಗೆ ನಂಬಬಹುದು. ‘ನಾಲ್ಕನೇ ಆಟ. ಟೀ ಇಂಟರ್‌ವಲ್‌ವರೆಗೆ ಟೋಕಿಯೋ ಮುಂದೆ ಇತ್ತು. ಆಮೇಲೆ ಒಸಾಕಾದ ಸ್ಪಿನ್ ಬೌಲಿಂಗಿಗೆ ತತ್ತರಿಸಿದರು.’ ‘ಐದನೇ ಆಟ. ಒಸಾಕಾದ ಎಡಗೈಯವನೊಬ್ಬ ಔಟಾಗದೆ ಸೆಂಚುರಿ.’ ‘ಆರನೇ ಆಟ. ಟೋಕಿಯೋಗೆ ಫಾಲೋ ಆನ್ ಆಯಿತು. ಒಸಾಕಾ ಚಾಂಪಿಯನ್. ನೀನು ಪಾಸು.’ ಮಾವ! ಬೇಸ್‌ಬಾಲಿನಲ್ಲಿ ಫಾಲೋ ಆನ್ ಎಲ್ಲಿಂದ ಬಂತು? ನಿಮಗೆ ಗೊತ್ತಿದ್ದದ್ದು ಮದರಾಸಿನ ಟೆಸ್ಟ್ ಮ್ಯಾಚು ಒಂದೇ, ಅದನ್ನೇ ಎತ್ತಿ ಜಪಾನಿನಲ್ಲಿ ಆಡಿಸಿದಿರಿ. ರೌಂಡರ್ಸ್ ಟೀಮಿನ ಕ್ಯಾಪ್ಟನ್ ಆಗಿದ್ದ ನಾನು ಅದನ್ನು ಓದಿ ಹಾಸ್ಟೆಲಿನ ಗೇಟಿನ ಹತ್ತಿರ ಕುಣಿದೆ. ಸೀನಣ್ಣನಿಗೂ ಜೊತೆಯಲ್ಲಿ ಕುಣಿಯಬೇಕಾಯಿತಂತೆ, ತರಕಾರಿ ಚೀಲ ಹೊತ್ತುಕೊಂಡೇ. ಆ ದಿನಗಳಲ್ಲಿ ನಾನು ಪರೀಕ್ಷೆ ಬರೆದದ್ದು, ಅಬ್ಬ, ಪೆನ್ನು ನಿಲ್ಲಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಶನಿವಾರ ನೀವೆಲ್ಲ ಮಾಡಿದ ನಾಟಕಕ್ಕೆ ಯಾರು ಮೇಷ್ಟ್ರು? ಬೋರ್ಡು ಒರೆಸಿತ್ತು. ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ತನಾಬೆರಾಯರು ಮೂಲೆಯಲ್ಲಿ ಕೂತು, ಬಾಯಿ ತುಂಬ ಜಿಲೇಬಿ ಇಟ್ಟುಕೊಂಡು, “ಐ ಆ್ಯಮ್ ವೆರಿ ಸ್ಯಾಡ್” ಎಂದರು. ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೈ ತೊಳೆಯಲು ಎದ್ದು ಹೋದರು. ದುಃಖ ತಡೆಯಲಾಗದೆ ಎಂದುಕೊಂಡೆ. ನಾನು ಹಯಾಶಿರಾಯರ ಕೈ ಕುಲುಕಿ ಕಂಗ್ರಾಜುಲೇಷನ್ಸ್ ಎಂದಾಗ ಅವರ ಕಣ್ಣಲ್ಲಿ ನೀರು ಬಂತು. ಸಂತೋಷದ್ದು ಎಂದುಕೊಂಡೆ. ಪಾಪ, ಸೋತು ಎಂಟು ದಿನವೂ ಆಗಿರದ ಮನುಷ್ಯನನ್ನು ನಿಲ್ಲಿಸಿ ನಾನು ಅಭಿನಂದಿಸುತ್ತಿದ್ದೆ. ಅವರು ಬಗ್ಗಿ, “ಥ್ಯಾಂಕ್ ಯು, ಥ್ಯಾಂಕ್ ಯು” ಎನ್ನುತ್ತಿದ್ದರು. ನೀವು ಹಿಂದೆ ನಿಂತು ಎಲ್ಲರಿಗೂ ಜಿಲೇಬಿ ಹಂಚುತ್ತಿದ್ದಿರಿ, ಇಡೀ ಒಸಾಕಾ ನಿಮ್ಮ ಸ್ವಂತದ್ದು ಎಂಬ ಹಾಗೆ.

ಏಪ್ರಿಲಿನಲ್ಲಿ, ಕಾಲೇಜು ಸೇರುವವರೆಗೆಂದು ನಾನು ಇನ್ನೂ ಉಳಿದಿದ್ದ ಹಾಸ್ಟೆಲಿಗೆ, ಸೀನಣ್ಣ ಪೊಟ್ಟಣ ಇಲ್ಲದೆ ಬಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು.

ಮೊನ್ನೆ ಶನಿವಾರ ಅಂಬತ್ತೂರಿಗೆ ಹೋದೆ. ಗಲ್ಲಾದಲ್ಲಿ ಈಗ, ಹಾರ ಹಾಕಿದ ನಿಮ್ಮ ಫೋಟೋದ ಕೆಳಗೆ, ಅತ್ತೆ ಕೂರುತ್ತಾರೆ, ಜೋರಾಗಿಯೇ ನಡೆಸುತ್ತಾರೆ. ಇಬ್ಬರು ರಾಯರೂ ಇದ್ದರು, ಎರಡನೇ ಯಂತ್ರಕ್ಕೆಂದು ಉಳಿದಿದ್ದಾರೆ. ಈ ವರ್ಷವೂ ಚಾಂಪಿಯನ್‌ಶಿಪ್ಪಿಗೆ ಅದೇ ಎರಡು ತಂಡ ಬಂದಿವೆ ಎಂದು ಸೀನಣ್ಣ ಮೊದಲೇ ಹೇಳಿಕಳಿಸಿದ್ದ. ಕೇಳಿದ ಕ್ಷಣವೇ ನಾನು ನನ್ನ ಸೀಟನ್ನು ಒಸಾಕಾದ ಕೈಗೆ ಕೊಟ್ಟುಬಿಟ್ಟಿದ್ದೆ. ಒಸಾಕಾ ಗೆದ್ದರೆ ಸೋಮವಾರ ಪರೀಕ್ಷೆಯ ಹಾಲಿನಲ್ಲಿ ಕೂರುತ್ತೇನೆ. ಸೋತರೆ ಹೋಗುವುದೇ ಇಲ್ಲ, ನಾಗಪುರ. ಐದು ಆಟ ಮುಗಿದಿತ್ತು. ಟೋಕಿಯೋ ಮೂರು, ಒಸಾಕಾ ಎರಡು. ಭಾನುವಾರ ಆರನೇ ಆಟ. ಹಯಾಶಿರಾಯರು ಮಂಕಾಗಿ ಕೂತಿದ್ದರು. ನಾನೇ ಧೈರ್ಯ ಹೇಳಿದೆ, ಕಳೆದ ವರ್ಷ ಎರಡು ಸೋತ ಮೇಲೂ ನಾಲ್ಕನ್ನು ಸಾಲಾಗಿ ಗೆದ್ದವರು ನೀವು, ಈ ಸಲ ಎರಡೇ ಗೆಲ್ಲಬೇಕು, ಎಂದು.

ತನಾಬೆರಾಯರು ಕಾಫಿ ಲೋಟವನ್ನು ಕುಕ್ಕಿ ಇಟ್ಟರು.

“ನೋ! ಸಾರಿ. ಒನ್ ಇಯರ್ ಐ ವೇಟ್. ಲಾಸ್ಟ್ ಇಯರ್ ಟೋಕಿಯೋ! ಫೋರ್, ಒನ್! ಟೋಕಿಯೋ!”

ಹಯಾಶಿರಾಯರು ಮೇಜಿನ ಕೆಳಗೆ ಅವರ ಕಾಲಿಗೆ ಒದ್ದದ್ದು ನನಗೂ ಕೇಳಿಸಿತು.

“ಅವರಿಗೆ ಗೊತ್ತಾಗೂದಿಲ್ಲ, ಬೇರೆ ಯಾವುದೋ ವರ್ಷದ್ದು ಹೇಳ್ತಿದ್ದಾರೆ” ಎಂದು ಸೀನಣ್ಣ ನಡುವೆ ನುಗ್ಗಿದ. “ನೀನು ಕಾಫಿ ಕುಡಿ ವತ್ಸು, ಆರ್ತದೆ.”

“ಮಾವಸಾನ್ ಟೆಲ್ ಮಿ, ಕ್ರೈ” ಎಂದರು ತನಾಬೆರಾಯರು ಎದೆ ಮುಟ್ಟಿಕೊಂಡು. “ಮೈ ಟೀಮ್ ಚಾಂಪಿಯನ್. ಐ ಕ್ರೈ. ವೆರಿ, ವೆರಿ ಡಿಫಿಕಲ್ಟ್.”

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ, “ಪೋದುಂ ಸೀನ, ಸಾಕು ಮಾಡು. ಹೌದು, ಟೋಕಿಯೋದವರೇ ಗೆದ್ದದ್ದು” ಎಂದರು. ಕಳೆದ ವರ್ಷದ ಸರಣಿ ಐದನೇ ಆಟಕ್ಕೇ ಮುಗಿದಿತ್ತಂತೆ. ಆರನೆಯದು ಜಪಾನಿನಲ್ಲಿ ಯಾರೂ ಆಡದ ಆಟ. ನೀವೇ ಗಲ್ಲಾದಲ್ಲಿ ಕೂತು, ಪೆನ್ಸಿಲ್ ಕಚ್ಚುತ್ತ ಆಡಿಸಿದ್ದು.

ಅತ್ತೆಯ ಹಿಂದೆ ಅಡುಗೆಮನೆಗೆ ಹೋದೆ. ನನಗೆ ಆ ಹೊತ್ತಿಗೆ ಬಂದ ಯೋಚನೆ ಎಷ್ಟು ಪೆದ್ದು ಎಂದು ಈಗ ಅನ್ನಿಸುತ್ತದೆ. “ಹಾಗಾದ್ರೆ ನಾನು ಪಾಸಾದದ್ದು ತಪ್ಪಿ ಆದದ್ದಾ ಅತ್ತೆ?” ಎಂದು ಕೇಳಿದೆ. ಅತ್ತೆ ಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ.

“ಪೇಪರು ಬರೆದದ್ದು ಯಾರು? ನಿನ್ನ ಮಾವನಾ?”

“ಅಲ್ಲ, ನಾನೇ.”

“ಒಸಾಕಾದವರು ಬಂದು ಹೇಳಿಕೊಟ್ರಾ?”

“ಇ... ಇಲ್ಲ.”

“ಮತ್ತೆ?” ಎಂದು ಹೇಳಿ ಅತ್ತೆ ತುರಿಯುವುದನ್ನು ಮುಂದುವರಿಸಿದರು. ಆಮೇಲೆ ಮೆಲ್ಲಗೆ, “ಅವರಿಗೂ ಹೆದರಿಕೆಯೇ ಇತ್ತು. ಪಾಸಾದ ಮೇಲೆ ಹೇಳ್ತೇನೆ ಅಂದ್ರು. ಪಾಸಾದೆ, ಕಾಲೇಜು ಸೇರಿದ ಮೇಲೆ ಹೇಳ್ತೇನೆ ಅಂದ್ರು. ಸುಳ್ಳು ಹೇಳಿ ಧೈರ್ಯ ಕೊಟ್ಟದ್ದು ಸರಿಯೋ ತಪ್ಪೋ ಅಂತ ನನ್ನನ್ನು ಕೇಳ್ತಿದ್ರು. ನಾನೆಂತ ಹೇಳೂದು? ನನಗೆ ನಗು ಬರ್ತಿತ್ತು.” ಮಾವ, ಅದು ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಕಾಲೇಜು ಸೇರಿದ ಮೇಲೆ ಹೇಳಿದ್ದಿದ್ದರೆ ಆಗಸ್ಟಿನಲ್ಲಿ ನಾನು ಬಹುಶಃ... ಹೋಗಲಿ ಬಿಡಿ.

ನಿನ್ನೆ ಬೆಳಿಗ್ಗೆ ರೇಡಿಯೋ ಹಚ್ಚಿದಾಗ ಹೋಟೆಲಿನಲ್ಲಿ ಭಾನುವಾರದ ಶಿಫ್ಟಿನವರೆಲ್ಲ ತುಂಬಿದ್ದರು. ನನ್ನ ಬಾಜಿಯ ವಿಷಯ ಅತ್ತೆಗೆ ಹೇಳಿದ್ದೆ, ಅತ್ತೆ ಸೀನಣ್ಣನಿಗೆ ಹೇಳಿದ್ದರು, ಸೀನಣ್ಣ ಎಲ್ಲರಿಗೂ ಹೇಳಿದ್ದ. ಹಾಗಾಗಿ ಯಾರೂ ಹುಣಿಸೆ ಬೀಜ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಟೋಕಿಯೋ ಬೇಗನೆ ಮುಂದೆ ಹೋಯಿತು. ಏಳನೇ ಇನ್ನಿಂಗ್ಸಿಗೆ ಸೀನಣ್ಣ ಮೆಲ್ಲನೆ ರೇಡಿಯೋದ ಹತ್ತಿರ ಸರಿದ. “ಸೌಂಡೇ ಸರಿ ಇಲ್ಲ ಮಾರ್ರೆ. ಆಫ್ ಮಾಡ್ತೇನೆ. ಸಾಯಂಕಾಲ ಯಾರಿಂದಾದ್ರೂ ಕೇಳಿ ತಿಳ್ಕೊಳ್ಳುವ.” ಅತ್ತೆ, “ಹೌದು, ನಂಗೂ ತಲೆನೋವು” ಎಂದರು. ತನಾಬೆರಾಯರು ಕೂಡ, ತಮ್ಮ ತಂಡ ಗೆಲ್ಲುತ್ತಿದ್ದರೂ, “ಯೆಸ್, ಯೆಸ್, ಬ್ಯಾಡ್ ರೇಡಿಯೋ” ಎಂದರು. ಇವರೆಲ್ಲ ನೀವಿಲ್ಲದೆಯೇ ನಿಮ್ಮ ಕೆಲಸವನ್ನು ಇನ್ನೊಮ್ಮೆ ಮಾಡಲು ಹೊರಟಿದ್ದರು! ಸೌಂಡು ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿತ್ತು ಮಾವ.

ಸೀನಣ್ಣನ ಕೈ ಗುಂಡಿಯ ಮೇಲಿತ್ತು. ತಿರುಗಿಸಿದರೆ ಮುಗಿಯಿತು. ಸೋಮವಾರ ಬೆಳಿಗ್ಗೆ ಯಾರಾದರೂ ಬಂದು ಒಸಾಕಾ ಗೆದ್ದಿತು ಎನ್ನುತ್ತಾರೆ, ನಾನೂ ನಂಬಿದ ಹಾಗೆ ಮಾಡಿ ಹಾಲಿಗೆ ಹೋಗುತ್ತೇನೆ. ಅದರ ಮುಂದಿನ ಪರೀಕ್ಷೆಗೆ? ಅದರ ಮುಂದಿನದಕ್ಕೆ? “ಇರಲಿ ಸೀನಣ್ಣ” ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. “ಇರಲಿ. ಪೂರಾ ಕೇಳೋಣ.”

ಒಂಬತ್ತನೇ ಇನ್ನಿಂಗ್ಸ್, ಕೊನೆಯದು. ಒಸಾಕಾದ ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ಮುಗಿಯಿತು, ಎರಡನೇ ಲೋಟದ ಹತ್ತಿರ ಒಂದು ಬೀಜ ಕೂತಿತ್ತು. ರೇಡಿಯೋದವನು ಕೂಗಿದ, ಹಯಾಶಿರಾಯರ ಬೆರಳು ಬೀಜವನ್ನು ಎತ್ತಿತು. ಬೀಜ ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ಅದನ್ನು ಮೆಲ್ಲಗೆ ಲೋಟಗಳಿಂದಾಚೆ, ಮೇಜಿನ ಅಂಚಿಗೆ ಇಟ್ಟು, “ಫಿನಿಶ್” ಎಂದರು. ರೇಡಿಯೋದಲ್ಲಿ ಊರಿಗೆ ಊರೇ ಅರಚುತ್ತಿತ್ತು. ಹೋಟೆಲಿನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ತನಾಬೆರಾಯರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು, ಖುಷಿ ಹೊರಗೆ ಚೆಲ್ಲದಿರಲಿ ಎಂದು. ಅವರನ್ನು ನೋಡಿದೆ ನೋಡಿ, ನನಗೆ ನಗು ಉಕ್ಕಿಬಂತು. ಅಳು ಬರುತ್ತದೆಂದು ಕಾದಿದ್ದೆ, ನಗು ಬಂತು.

“ಅಯ್ಯೋ, ಅವರಿಗೆ ಯಾರಾದ್ರೂ ಕಂಗ್ರಾಜುಲೇಷನ್ಸ್ ಹೇಳಿ! ಒಂದು ವರ್ಷ ಬಾಕಿ ಇದೆ!”

ತನಾಬೆರಾಯರು ಎದ್ದು ನಿಂತದ್ದೇ ನಿಂತದ್ದು, ಎರಡು ವರ್ಷದ್ದನ್ನು ಒಟ್ಟಿಗೆ ಕುಣಿದರು. ಶಿಫ್ಟಿನವರು ತಟ್ಟೆ ಬಡಿದರು. ಆ ಖುಷಿಯಲ್ಲಿ ತನಾಬೆರಾಯರು ಹಯಾಶಿರಾಯರನ್ನೇ ಎತ್ತಿ ಮೇಲಕ್ಕೆ ಎಸೆಯಲು ನೋಡಿದರು. “ಫ್ಯಾನು! ಫ್ಯಾನು ಉಂಟು ಮಾರಾಯ್ರೆ!” ಎಂದು ಅತ್ತೆ ಕಿರುಚಿದ್ದು ನಿಮಗೂ ಕೇಳಿಸಿರಬೇಕು.

ಇವತ್ತು ಬೆಳಿಗ್ಗೆ ಹಾಲಿನ ಬಾಗಿಲಿನಲ್ಲಿ ನಿಂತಾಗ ಹಳೆಯ ಭಯ ನನಗಿಂತ ಮೊದಲೇ ಒಳಗೆ ಹೋಗಿ ಕೂತಿತ್ತು. ಒಂದು ದಿನಕ್ಕೆ ಗುಣವಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಹೆಸರು, ನಂಬರು, ತಾರೀಕು. ಕೈ ನಿಂತಿತು. ಕಿಟಕಿಯಾಚೆ ಕಾಗೆ ಇತ್ತು, ಅದರ ಕಡೆ ನೋಡಲಿಲ್ಲ. ಮೊದಲ ಪ್ರಶ್ನೆ ನೋಡಿ ಹೆದರಿಕೆಯಾಯಿತು, ಬಿಟ್ಟೆ. ಎರಡನೆಯದೂ ಹಾಗೇ. ನಾಲ್ಕನೆಯದು ರಾಟೆ ಮತ್ತು ಭಾರದ ಲೆಕ್ಕ. ಚಿತ್ರ ಬರೆಯೋಣ, ಚಿತ್ರಕ್ಕೇನು ಎಂದು ರಾಟೆ ಬರೆದೆ. ಹಗ್ಗ ಬರೆದೆ. ಹಗ್ಗ ಬರೆದ ಮೇಲೆ ಭಾರ ಬರೆಯಲೇಬೇಕಲ್ಲ? ಒಂದು ಗಂಟೆಯಾದ ಮೇಲೆ ಅಡಿಷನಲ್ ಶೀಟು ಕೇಳಲು ಕೈ ಎತ್ತಿದಾಗ ಮೇಲ್ವಿಚಾರಕಿ, ನಾನು ಎದ್ದು ಹೋಗಲು ಕೇಳುತ್ತಿದ್ದೇನೆ ಎಂದುಕೊಂಡು ಬಾಗಿಲಿನ ಕಡೆ ತೋರಿಸಿದರು. “ನೋ ಮಿಸ್, ಪೇಪರ್” ಎಂದೆ. ಗಂಟೆ ಹೊಡೆಯುವವರೆಗೆ ಕೂತಿದ್ದೆ ಮಾವ. ಪೂರಾ ಮೂರು ಗಂಟೆ. ಒಂದು ಪ್ರಶ್ನೆ ಬಿಟ್ಟುಹೋಯಿತು, ಇನ್ನೊಂದು ಖಂಡಿತ ತಪ್ಪು. ಪಾಸೋ ಫೇಲೋ ಗೊತ್ತಿಲ್ಲ. ಆದರೆ ಎದ್ದು ಬರಲಿಲ್ಲ. ಸೀಟು ನನ್ನದೇ.

ನಾಳೆ ಕೆಮಿಸ್ಟ್ರಿ. ಜಪಾನಿನಲ್ಲಿ ಈ ವರ್ಷದ ಆಟವೆಲ್ಲ ಮುಗಿಯಿತು, ನನಗಾಗಿ ಯಾರೂ ಎಲ್ಲೂ ಆಡುತ್ತಿಲ್ಲ. ಇನ್ನು ಓದಲು ಕೂರುತ್ತೇನೆ.

ನಿಮ್ಮ ವತ್ಸು